ಗೇಟಿನ ಹೊರಗೆ ನಿಂತು ನೋಡಿದ ಪ್ರಾಕ್ಟೀಸು

ಪಣಂಬೂರಿನ ಬಂದರು ಕಚೇರಿಯಲ್ಲಿ ಕೆಲಸ ಸಿಕ್ಕಿ ಮಂಗಳೂರಿಗೆ ಬಂದ ಮೊದಲ ಸಂಜೆ. ಮಣ್ಣಗುಡ್ಡದ ನನ್ನ ಬಾಡಿಗೆ ಮನೆಯ ಹತ್ತಿರದ ಕಾಲೇಜು ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ದೊಡ್ಡ ಹೊಡೆದಾಟವೇ ನಡೆದಿದೆ ಎಂದು ಹೆದರಿದೆ.

"ಏನಾಗ್ಯದ್ರೀ?" ಎಂದು ಮನೆಯೊಡತಿ ಸುಮತಿಯಕ್ಕನನ್ನು ಕೇಳಿದೆ.

"ಎಂತ ಆಗ್ಲಿಲ್ಲ ಮಾರಾಯ್ತಿ. ಹುಡುಗರ ಫುಟ್‌ಬಾಲ್ ಪ್ರಾಕ್ಟೀಸ್ ಉಂಟು."

ನಮ್ಮ ವಿಜಯಪುರದ ಕಡೆ ಕುಸ್ತಿ ನೋಡಲು ಊರಿಗೆ ಊರೇ ಸೇರುತ್ತದೆ. ಆದರೆ ಪೈಲ್ವಾನರು ಸಾಮು ಮಾಡುವುದನ್ನು ನೋಡಲು ಯಾರೂ ಹೋಗುವುದಿಲ್ಲ. ಇಲ್ಲಿ ಮೀನು ಮಾರಿ ಬಂದವರು, ಪಾಳಿ ಮುಗಿಸಿದವರು ಎಲ್ಲ ಮೈದಾನದ ಮೆಟ್ಟಿಲ ಮೇಲೆ ಕೂತು, ಗೋಲು ತಪ್ಪಿಸಿದವನನ್ನು ಹೆಸರು ಹಿಡಿದು ಬೈಯುತ್ತಿದ್ದರು. ಮರುದಿನ ಅವನಿಗೇ ಬಾಳೆಹಣ್ಣು ತಂದು ಕೊಡುತ್ತಿದ್ದರು. ನಾನು ತುಳು ಕಲಿತದ್ದು ಆ ಮೆಟ್ಟಿಲ ಮೇಲೆಯೇ. ಮೊದಲ ಪದ 'ಬಲಿಪು', ಅಂದರೆ ಓಡು. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದೆ, ಜೋಳದ ರೊಟ್ಟಿ ನೆನೆದು ಅಳುತ್ತಿದ್ದ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಆ ಗದ್ದಲ.

ಈಗ ಮೈದಾನಕ್ಕೆ ಎತ್ತರದ ಗೇಟು ಬಂದಿದೆ, ಹೊರಗಿನವರಿಗೆ ಪ್ರವೇಶವಿಲ್ಲ. ಹೆಚ್ಚಿನವರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಯುರೋಪಿನ ಆಟ ನೋಡುತ್ತಾರೆ. ಅಕ್ಕ ಮತ್ತು ನಾನು ಮಾತ್ರ ಬಿಡಲಿಲ್ಲ. ಗೇಟಿನ ಹೊರಗೇ ನಿಂತು ನೋಡಿದೆವು, ಅಲ್ಲಿಂದಲೇ ಬೈದೆವು. ಬೇಸತ್ತ ಕಾವಲುಗಾರ ಮೇಲಿನವರನ್ನು ಕೇಳಿಕೊಂಡು ಬಂದ.

"ಈ ಊರಿನವರನ್ನು ಬಿಡ್ಬಹುದಂತೆ. ಆಧಾರ್ ತೋರಿಸಿ."

ಅಕ್ಕನದು ಸರಿಹೋಯಿತು. ನನ್ನದರಲ್ಲಿ ಇನ್ನೂ ವಿಜಯಪುರದ ವಿಳಾಸ.

"ಬದಲಾಯಿಸು ಮಾರಾಯ್ತಿ," ಎಂದರು ಅಕ್ಕ. "ಇಷ್ಟು ವರ್ಷ ಆಯ್ತು ಬಂದು. ಎಂತ ಕಷ್ಟ?"

ಕಷ್ಟವೇನೂ ಇಲ್ಲ. ಆದರೆ ಹುಟ್ಟಿದ ಊರನ್ನು ಅಳಿಸಿದರೆ ಮಾತ್ರ ಈ ಊರು ನನ್ನದಾಗುತ್ತದೆ ಎನ್ನಲು ಈ ಕಾಲೇಜಿನವರು ಯಾರು? ನನಗೆ ಸಿಟ್ಟು ನೆತ್ತಿಗೇರಿತು.

"ಅದು ನನ್ನೂರು ಅಕ್ಕ. ಇದೂ ನನ್ನೂರೇ. ನೀವು ಒಳಗ ಹೋಗ್ರಿ, ಮೊಣಕಾಲು ನೋಯ್ತದ."

"ನಾನೊಬ್ಬಳೇ ಕೂತು ಯಾರೊಟ್ಟಿಗೆ ಬೈಯುವುದು?" ಎಂದು ಅವರು ನನ್ನ ಪಕ್ಕದಲ್ಲೇ ನಿಂತರು.

ಕಾವಲುಗಾರ ಹಣೆ ಚಚ್ಚಿಕೊಂಡ. ಅವನಿಗೆ ಹೇಳಿದ್ದನ್ನೇ, ರಜೆಗೆ ವಿಜಯಪುರಕ್ಕೆ ಬಂದಾಗಲೆಲ್ಲ 'ಮಂಗಳೂರಾಕಿ ಆಗಿಬಿಟ್ಟಿ' ಎಂದು ಕೆಣಕುವ ನನ್ನ ಊರಿನವರೇ, ನಿಮಗೂ ಹೇಳುತ್ತೇನೆ. ವಿಳಾಸ ಬದಲಾಯಿಸುವುದಿಲ್ಲ. ಈ ಗೇಟು ಬಿಟ್ಟು ಕದಲುವುದೂ ಇಲ್ಲ.