ಲೆಕ್ಕಕ್ಕೆ ಬಂದ ಬರೆ

ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳು ದೇಶದಲ್ಲಿ ಎಷ್ಟು ದಾಖಲಾಗುತ್ತವೆ, ಎಷ್ಟು ಮನೆಯೊಳಗೇ ಮುಚ್ಚಿಹೋಗುತ್ತವೆ ಎಂದು ಅಳೆಯುವ ಸಮೀಕ್ಷೆಗೆ ನಾನು ಮನೆಮನೆ ಸುತ್ತುತ್ತಿದ್ದೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ನನ್ನ ಪಾಲಿಗೆ ಬಂದವು. ಶಿರಾ ಎಂದು ಕೇಳಿದೊಡನೆ ಹಲ್ಲು ಕಡಿದೆ. ಬರಗೂರಿನಾಚೆಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮ ಇದ್ದಳು. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ, ಕಾದ ಸೌಟಿನಿಂದ ನನ್ನ ಮೀನಖಂಡಕ್ಕೆ ಬರೆ ಹಾಕಿದವಳೂ ಅವಳೇ. ಹಸಿವು ತಾಳದೆ ಬೆಲ್ಲ ಕದ್ದು ತಿಂದಿದ್ದೆ, ಅಷ್ಟೇ. ಆ ಮುದುಕಿಯನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಆಸೆಯೂ ಇಲ್ಲ.

ಆದರೆ ಸಮೀಕ್ಷೆಯೇ ಕೈಕೊಟ್ಟಿತು. ಪ್ರಶ್ನೆಯಲ್ಲಿದ್ದ ಪದ ‘ದೌರ್ಜನ್ಯ’. ನಮ್ಮ ಕಡೆಯ ಹಳ್ಳಿಗಳಲ್ಲಿ ದೌರ್ಜನ್ಯ ಎಂದರೆ ಜಾತಿ ಹೆಸರು ಹಿಡಿದು ಬೈದವರ ಮೇಲೆ ಹಾಕುವ ಪೊಲೀಸ್ ಕೇಸು, ಬೇರೆ ಅರ್ಥವೇ ಇಲ್ಲ.

“ಅಯ್ಯೋ, ನಮ್ಮೂರಾಗೆ ಆ ಕೇಸೆಲ್ಲ ಇಲ್ಲ ಕಣಮ್ಮ, ಎಲ್ಲಾ ಜಾತಿಯೋರೂ ಚೆನ್ನಾಗವ್ರೆ” ಎಂದರು ಕೊರಟಗೆರೆ ಕಡೆಯ ಯಜಮಾನರೊಬ್ಬರು. ಪಾವಗಡದಲ್ಲಿ ಅದೇ ಉತ್ತರ ತೆಲುಗಿನಲ್ಲಿ ಬಂತು. ಹೀಗೆ ಊರಿಗೆ ಊರೇ ಸೊನ್ನೆ.

“ನಿಮ್ಮ ಕಡೆ ಮಕ್ಕಳು ಸುಖವಾಗಿದ್ದಾರೆ ಬಿಡಿ” ಎಂದು ಮೇಲ್ವಿಚಾರಕರು ಫೋನಿನಲ್ಲಿ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪದ ಬದಲಿಸೋಣ ಎಂದರೆ ದೇಶಕ್ಕೆಲ್ಲ ಒಂದೇ ಪ್ರಶ್ನೆ, ಬೇಕಾದರೆ ಓದಿದ ಮೇಲೆ ಬಿಡಿಸಿ ಹೇಳಿ ಎಂದರು. ನನಗೆ ಅಷ್ಟೇ ಸಾಕಿತ್ತು.

ಶಿರಾ ಸರದಿ ಬಂದು ಆ ಹಳ್ಳಿಗೆ ಹೋದಾಗ ದೊಡ್ಡಮ್ಮ ಜಗಲಿಯ ಮೇಲೆ ಮೊಮ್ಮಗಳ ಜೊತೆ ಕಡಲೆಕಾಯಿ ಸುಲಿಯುತ್ತಿದ್ದಳು. ಶಾಲೆ ನಡೆಯುತ್ತಿದ್ದ ಹೊತ್ತು ಅದು. ಹುಡುಗಿಯ ತಾಯಿ, ದೊಡ್ಡಮ್ಮನ ಮಗಳು, ತುಮಕೂರಿನ ಗಾರ್ಮೆಂಟ್ಸಿನಲ್ಲಿ ದುಡಿಯುತ್ತಿದ್ದಳು, ಮಗಳನ್ನು ಇಲ್ಲಿ ಬಿಟ್ಟಿದ್ದಳು.

“ಬಾರಮ್ಮ ಆಪೀಸರಮ್ಮ” ಎಂದು ದೊಡ್ಡಮ್ಮ ಹಿಗ್ಗಿದಳು. ಪ್ರಶ್ನೆ ಓದಿದೆ. ಅವಳೂ ಅದೇ ರಾಗ ಹಾಡಿದಳು, ಆ ಕೇಸು ನಮ್ಮೂರಲ್ಲಿಲ್ಲ.

“ಕೇಸಿನ ಮಾತು ಅತ್ಲಾಗಿರ್ಲಿ ದೊಡ್ಡವ್ವ. ಬರೆ ಹಾಕೋದು ಬುಟ್ಬುಟ್ಯಾ ಹೆಂಗೆ?” ನಗುತ್ತಲೇ ಕೇಳಿದೆ. ಆ ನಗು ಬರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

“ಬುಟ್ರೆ ಮಕ್ಳು ಕೈಗೆ ಸಿಕ್ತವಾ? ನಿಂಗೆ ಹಾಕಿದ್ಕೇ ಕಣಮ್ಮ ನೀನಿವತ್ತು ಆಪೀಸರ್ ಆಗಿರಾದು. ಮೊನ್ನೆ ಇವ್ಳಿಗೂ ಹಾಕ್ದೆ, ಕೆಲ್ಸ ಬುಟ್ಟು ಇಸ್ಕೂಲಿಗೆ ಓಡೋಗಿದ್ಲು. ಬೇಕಾರೆ ಬರ್ಕೋ.” ಹೀಗೆಂದು ಮೊಮ್ಮಗಳ ಲಂಗ ಎತ್ತಿ ತೋರಿಸಿದಳು. ಗಾಯ ಇನ್ನೂ ಹಸಿಯಾಗಿತ್ತು. ಹುಡುಗಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

ಬರೆದುಕೊಂಡೆ. ಬಸ್ ಸ್ಟ್ಯಾಂಡಿಗೆ ನಡೆದು ಬಂದು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ನನ್ನ ಬರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಮೇಲ್ವಿಚಾರಕರನ್ನು ಕೇಳಿದಾಗ, ಅದು ಹಳೆಯದು, ಈ ವರ್ಷದ್ದು ಮಾತ್ರ ಎಂದಿದ್ದರು. ಆಗಲಿ, ಈ ವರ್ಷದ್ದೇ ಕೊಟ್ಟೆ.

ಅಧಿಕಾರಿಗಳ ಜೀಪು ಬಂದ ದಿನ ನಾನೂ ಹೋದೆ. ಹೋಗಬೇಕಾದ ಕೆಲಸವೇನೂ ಇರಲಿಲ್ಲ, ಅವಳ ಮುಖ ನೋಡಬೇಕಿತ್ತು. ಊರೆಲ್ಲ ನೆರೆದಿತ್ತು. ದೊಡ್ಡಮ್ಮ ನನ್ನನ್ನು ಕಂಡು ಜಗಲಿಯಿಂದ ಇಳಿದು ಬಂದಳು.

“ಅನ್ನ ಹಾಕ್ದೋಳ್ಗೆ ಇಂಗ್ ಮಾಡ್ದಲ್ಲೇ” ಎಂದಳು.

“ಅನ್ನದ ಋಣ ಇವತ್ತಿಗೂ ಐತೆ ದೊಡ್ಡವ್ವ. ಇದು ಬರೆ ಋಣ.”

ಎಷ್ಟು ಖುಷಿಯಾಯಿತೆಂದರೆ, ಅಷ್ಟು ಖುಷಿ ನನಗೆ ಮೊದಲ ಸಂಬಳ ಬಂದಾಗಲೂ ಆಗಿರಲಿಲ್ಲ.

ಸುದ್ದಿ ತಿಳಿದು ಬಂದಿದ್ದ ಹುಡುಗಿಯ ತಾಯಿ ಅಳುತ್ತಾ ಮಗಳ ಬಟ್ಟೆ ಚೀಲಕ್ಕೆ ತುಂಬಿದಳು, ತುಮಕೂರಿಗೆ ಕರೆದೊಯ್ಯುತ್ತೇನೆ ಎಂದಳು. ಜೀಪು ಹತ್ತುವ ಮುಂಚೆ ಹುಡುಗಿ ಕುಂಟುತ್ತಾ ನನ್ನ ಹತ್ತಿರ ಬಂದು ಕೈ ಹಿಡಿದಳು.

“ನಂಗೋಸ್ಕರ ಬಂದ್ಯಾ ಚಿಕ್ಕವ್ವ?”

“ಹೂಂ ಕಣೇ” ಎಂದೆ. ಆ ಮುದುಕಿಗೋಸ್ಕರ ಬಂದವಳು ನಾನು.