ಸುಣ್ಣದಲ್ಲಿ ಕಟ್ಟಿದ ಬಾಲವಾಡಿ

ಗೌಂಡಿ ಕಾಕಾರ ಅಂಗೈಗೆ ಬಿಸಿ, ತಂಪು ಯಾವುದೂ ತಿಳಿಯುತ್ತಿರಲಿಲ್ಲ. ಸುಣ್ಣ, ಸಿಮೆಂಟು ಕಲಸಿ ಕಲಸಿ ಅದು ಹಳೆಯ ಚಪ್ಪಲಿಯ ಅಟ್ಟೆಯಂತಾಗಿತ್ತು. ಹಾಗಾಗಿ ಗೋಡೆಗೆ ಬಿಸಿಲು ಎಷ್ಟು ಏರಿದೆ ಎಂದು ನೋಡಬೇಕಾದರೆ ಕೈ ತಿರುಗಿಸಿ ಹಿಂಬದಿಯನ್ನು ಒತ್ತುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಅದೇ ಕೆಲಸಕ್ಕೆ ನನ್ನ ಬಳಿ ಒಂದು ಯಂತ್ರವಿತ್ತು. ಅದು ಅಂಕಿ ತೋರಿಸುವ ಹೊತ್ತಿಗೆ ಕಾಕಾ ಮುಂದಿನ ಗೋಡೆಗೆ ಹೋಗಿರುತ್ತಿದ್ದರು.

ಅವರು ವಿಜಯಪುರದ ಕಡೆಯವರು. ಪರೇಲ್‌ನಲ್ಲಿ ಸಾಲುಮನೆಗಳ ಹಳೆಯ ಚಾಳ್ ಒಡೆದು ಎತ್ತರದ ಬಿಲ್ಡಿಂಗ್ ಏಳುತ್ತಿದ್ದ ಸೈಟಿನಲ್ಲಿ ಹಿರಿಯ ಗೌಂಡಿ. ನಾನು ಮಾಟುಂಗದಲ್ಲಿ ಹೋಟೆಲಿಟ್ಟ ಕನ್ನಡದವರ ಮಗಳು. ಆ ಬಿಲ್ಡಿಂಗಿಗೆ ಹಸಿರು ಕಟ್ಟಡದ ಸರ್ಟಿಫಿಕೇಟು ಕೊಡಿಸುವ ಕಂಪನಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹಿಂದಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಎಡವುತ್ತಿದ್ದ ನನ್ನನ್ನು ನೋಡಿ, ಮಾತಿನ ಜೊತೆ ಯಾಕೆ ಕುಸ್ತಿ ಹಿಡಿಯುತ್ತೀ ಎಂದು ನಗುತ್ತಿದ್ದರು. ನನ್ನನ್ನು ತಂಗೆವ್ವಾ ಎಂದು ಕರೆದವರು ಅವರೊಬ್ಬರೇ. ಇವತ್ತಿಗೂ ಲೋಕಲ್ ರೈಲಿನ ಗದ್ದಲದಲ್ಲಿ ಯಾರೋ ಹಾಗೆ ಕರೆದಂತಾಗಿ ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ.

ಊಟದ ಬಿಡುವಿನಲ್ಲಿ ಕಾಕಾ ಒಡೆದ ಚಾಳಿನ ರಾಶಿಯಿಂದ ಇಡಿಯಾದ ಇಟ್ಟಿಗೆ ಆರಿಸುತ್ತಿದ್ದರು. ಎರಡನ್ನು ತಾಕಿಸಿ ಖಣ್ ಎಂದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಎಸೆಯುವುದು. ಕೆಲಸದವರ ಮಕ್ಕಳ ಬಾಲವಾಡಿ ತಗಡಿನ ಶೆಡ್ಡಿನಲ್ಲಿತ್ತು. ಬೇಸಿಗೆಯಲ್ಲಿ ಕೂಸುಗಳ ಮೈತುಂಬ ಬೆವರುಗುಳ್ಳೆ. ಆ ಇಟ್ಟಿಗೆಯಲ್ಲಿ ಮಕ್ಕಳಿಗೊಂದು ತಂಪಾದ ಕೋಣೆ ಕಟ್ಟಬೇಕೆಂದು ಅವರ ಆಸೆ. ಕಾಂಟ್ರಾಕ್ಟರ್ ಒಪ್ಪಿದ್ದ, ನನ್ನ ಸಹಿಯೊಂದು ಬಾಕಿಯಿತ್ತು.

ನಾನು ಸಹಿ ಹಾಕಲಿಲ್ಲ. ಚಾಳಿನ ಪ್ರತಿ ತುಂಡೂ ಲಾರಿಯಲ್ಲಿ ತೂಕವಾಗಿ, ಪುಡಿ ಮಾಡುವ ಕಾರ್ಖಾನೆಗೆ ಹೋಗಿ, ಅಲ್ಲಿಂದ ಚೀಟಿ ಬಂದರೆ ಮಾತ್ರ ಸರ್ಟಿಫಿಕೇಟಿಗೆ ಅಂಕ ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಅವರು ಒಂದೂವರೆ ತಿಂಗಳು ಆರಿಸಿದ್ದನ್ನು ಒಂದು ಬೆಳಿಗ್ಗೆ ಲಾರಿಗೆ ತುಂಬಿಸಿಬಿಟ್ಟೆ. ಕಾಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಡೀ ಇಟ್ಟಂಗಿ ಪುಡಿ ಮಾಡಿ, ಮತ್ತ ಇಟ್ಟಂಗಿನ ಮಾಡ್ತಾರೇನ್ ತಂಗೆವ್ವಾ?" ಎಂದು ಕೇಳಿದರು. ಕೊಂಕಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಹೌದು ಎಂದೆ.

ವಾರದೊಳಗೆ ಫೈಲು ನೋಡಿದ ನನ್ನ ಮೇಲಧಿಕಾರಿ ಹಣೆ ಹಣೆ ಚಚ್ಚಿಕೊಂಡರು. ಇದ್ದಲ್ಲೇ ಮರುಬಳಕೆ ಮಾಡಿದರೂ ಅಂಕವಿದೆಯಂತೆ. ಅಳತೆ ಬರೆದು ಫೋಟೊ ತೆಗೆದಿದ್ದರೆ ಸಾಕಿತ್ತಂತೆ. ಇಂಥ ತಪ್ಪು ಮಾಡಲು ನನ್ನಷ್ಟು ಓದಿರಬೇಕು. ಭೂಮಿಗಿಳಿದು ಹೋಗುವಷ್ಟು ನಾಚಿಕೆಪಟ್ಟು ಕಾಕಾರಿಗೆ ಹೇಳಿದೆ. ಅವರು ಬೈಯುವುದು ಬಿಟ್ಟು, ಚಾಳಿನ ಹಿಂದಿನ ಸಾಲು ಇನ್ನೂ ಒಡೆಯುವುದಿದೆಯಲ್ಲ ಎಂದರು. ಆ ಸಾಲು ಬಿದ್ದ ಮೇಲೆ ಊಟದ ಬಿಡುವಿನಲ್ಲಿ ನಾನೂ ಅವರ ಪಕ್ಕ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

ಕೋಣೆ ಎದ್ದಿತು. ಗಾಳಿ ಬರುವ ಪಡುವಣ ಗೋಡೆಯಲ್ಲಿ ಇಟ್ಟಿಗೆಯ ನಡುನಡುವೆ ಕಿಂಡಿ ಬಿಟ್ಟರು. ಮಾಡಿನ ಮೇಲೆ ಒದ್ದೆ ಗೋಣಿತಾಟು ಹಾಸಿದರು. ಗಾರೆಗೆ ಮಾತ್ರ ಸಿಮೆಂಟು ಮುಟ್ಟಲಿಲ್ಲ, ಬರೀ ಸುಣ್ಣ ಮತ್ತು ಮರಳು. ಯಾಕೆಂದು ಕೇಳಿದೆ.

"ಕಟ್ಟಿದ್ದನ್ನ ಬಿಚ್ಚಾಕ ಬರ್ಬೇಕವಾ. ಸಿಮೆಂಟ್ ಹಿಡದ್ರ ಬಿಡಂಗಿಲ್ಲ, ಇಟ್ಟಂಗಿನ ಒಡೀತೈತಿ" ಎಂದರು.

ಮೊದಲ ಮಧ್ಯಾಹ್ನ ಮಕ್ಕಳು ಅಲ್ಲಿ ಎಷ್ಟು ಹೊತ್ತು ಮಲಗಿದರೆಂದರೆ, ತಾಯಂದಿರು ಗಾಬರಿಯಾಗಿ ಬಂದು ಮುಟ್ಟಿ ನೋಡಿದರು.

ಬಿಲ್ಡಿಂಗಿಗೆ ಸರ್ಟಿಫಿಕೇಟು ಬಂತು. ಅಲ್ಲಿಯ ಮನೆಗಳು ನಿಜಕ್ಕೂ ತಂಪಾಗಿವೆ, ಕರೆಂಟೂ ನೀರೂ ಉಳಿಯುತ್ತಿವೆ. ಆ ಬಗ್ಗೆ ನನಗೆ ಹೆಮ್ಮೆಯೇ ಇದೆ. ಕೆಲಸ ಮುಗಿದ ಮೇಲೆ ಬಾಲವಾಡಿಯನ್ನು ಕಾಕಾ ತಾವೇ ಒಂದೊಂದೇ ಇಟ್ಟಿಗೆ ಬಿಡಿಸಿ, ಬೈಕುಲ್ಲಾದ ನಮ್ಮ ಹೊಸ ಸೈಟಿಗೆ ಸಾಗಿಸಿದರು. ಅಲ್ಲಿ ಪೇರಿಸಿಟ್ಟ ವಾರಕ್ಕೇ ಹಾಸಿಗೆ ಹಿಡಿದರು. ಆಯುಷ್ಯವಿಡೀ ನುಂಗಿದ ಧೂಳು ಎದೆಯಲ್ಲಿ ಕೂತಿತ್ತು.

ಆಸ್ಪತ್ರೆಗೆ ನೋಡಲು ಹೋದಾಗ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆದರೂ ಕೇಳಿದರು, "ಬೈಕುಲ್ಲಾದಾಗ ಖೋಲಿ ಆತೇನವಾ?"

ಕೋಣೆ ಆಗಿರಲಿಲ್ಲ. ಕಟ್ಟಿಸುವುದನ್ನು ನಾಳೆ ನಾಡಿದ್ದು ಎನ್ನುತ್ತ ನಾನು ದಿನ ದೂಡುತ್ತಿದ್ದೆ, ಇಟ್ಟಿಗೆ ಪೇರಿಸಿದಲ್ಲೇ ಇತ್ತು, ಮಕ್ಕಳು ತಗಡಿನ ಕೆಳಗೇ ಇದ್ದರು.

"ಆಗಿದೆ ಕಾಕಾ. ಮಕ್ಕಳು ಮಲಗಿದ್ದಾರೆ" ಎಂದೆ.

ಕಣ್ಣು ಮುಚ್ಚಿ ತಲೆಯಾಡಿಸಿದರು. ನಂಬಿದರೋ, ನನ್ನ ಮುಖ ನೋಡಲಾರದೆ ನಂಬಿದಂತೆ ಮಾಡಿದರೋ, ಈಗ ಯಾರನ್ನು ಕೇಳಲಿ?

ಅಲ್ಲಿಂದ ನೇರವಾಗಿ ಬೈಕುಲ್ಲಾಗೆ ಹೋಗಿ ಸುಣ್ಣ ನೆನೆಹಾಕಿಸಿದೆ. ದಿನವೂ ನಿಂತು ಕಟ್ಟಿಸಿದೆ. ನಾನು ಹೇಳಿದ ಸುಳ್ಳು ನಿಜವಾಗಲು ಹನ್ನೊಂದು ದಿನ ಬೇಕಾಯಿತು. ಕಾಕಾ ಒಂಬತ್ತನೆಯ ದಿನ ಹೋಗಿಬಿಟ್ಟರು.