ಏಳಡಿ ಅಗಲದ ಕೋಣೆ

ವಸತಿ ಕಚೇರಿಯ ಎರಡನೆಯ ಮಹಡಿಯಲ್ಲಿ ನನ್ನ ಪಕ್ಕದ ಮೇಜು ಟೇಪಕ್ಕನದು. ಸರ್ಕಾರಿ ಮನೆಗೆ ಅರ್ಜಿ ಹಾಕಿದವರ ಕೋಣೆಗಳನ್ನು ಅಳೆದು, ಅಲ್ಲಿ ಎಷ್ಟು ಜನ ಮಲಗುತ್ತಾರೆ, ಗೋಡೆ ಒದ್ದೆಯೋ ಒಣಗಿದೆಯೋ, ಮನೆಯಲ್ಲಿ ಕಾಯಿಲೆಯವರಿದ್ದಾರೋ ಎಂದು ಬರೆದು ತರುವುದು ಅವರ ಕೆಲಸ. ಅವರು ತಂದದ್ದನ್ನು ಬೆರಳಚ್ಚು ಮಾಡುವುದು ನನ್ನದು. ಇಪ್ಪತ್ತೆರಡು ವರ್ಷ ಅಳತೆಯ ಟೇಪು ಹಿಡಿದು ಊರಿನ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದಿದ್ದರು. ಮೊಣಕಾಲು ಸವೆದಿತ್ತು, ಮಾತು ಸವೆದಿರಲಿಲ್ಲ. ನಾವು ಹೋದ ದಿನ ಮನೆಗಳೆಲ್ಲ ಕುಗ್ಗಿಬಿಡುತ್ತವೆ ಎಂದು ನಗುತ್ತಿದ್ದರು. ಬೀರು ಗೋಡೆ ಬಿಟ್ಟು ಕೋಣೆಯ ನಡುವಿಗೆ ಬಂದು ನಿಂತಿರುತ್ತದಂತೆ, ಅತ್ತೆ ಮಾವ ಎಂದು ಪರಿಚಯಿಸಿದ ಮುದುಕರು ಪಕ್ಕದ ಮನೆಯ ಚಪ್ಪಲಿ ಮೆಟ್ಟಿಕೊಂಡು ಕೂತಿರುತ್ತಾರಂತೆ. ನಗುತ್ತಿದ್ದರೇ ಹೊರತು ಯಾರ ಮೇಲೂ ಸುಳ್ಳು ಹೇಳಿದರೆಂದು ದೂರು ಬರೆದವರಲ್ಲ. ಇದ್ದವರನ್ನು ಎಣಿಸಿ, ಇದ್ದಷ್ಟನ್ನು ಅಳೆದು, ಸುಮ್ಮನೆ ಬರುತ್ತಿದ್ದರು.

ಆ ವರ್ಷ ನಲವತ್ತು ಮನೆಗಳಿಗೆ ಆರುನೂರ ಹನ್ನೆರಡು ಅರ್ಜಿ ಬಂದಿದ್ದವು. ತಲೆಗೆ ಎಷ್ಟು ಜಾಗ ಎಂಬುದಕ್ಕೆ ಅಂಕ, ತೇವಕ್ಕೆ ಅಂಕ, ಕಾಯಿಲೆಗೆ ಅಂಕ, ಕಾದ ವರ್ಷಗಳಿಗೆ ಅಂಕ. ಕೂಡಿಸಿ ಮೇಲಿನಿಂದ ನಲವತ್ತನೆಯವರ ಕೆಳಗೆ ಒಂದು ಗೆರೆ ಎಳೆಯುವುದು. ಆ ಗೆರೆಯ ಮೇಲೆ, ಎಪ್ಪತ್ತು ಅಂಕದೊಂದಿಗೆ ಕಟ್ಟಕಡೆಯ ಹೆಸರು ಟೇಪಕ್ಕನ ಸ್ವಂತ ತಂಗಿಯದು.

ಇದರಲ್ಲಿ ಮುಚ್ಚುಮರೆ ಇರಲಿಲ್ಲ. ತಂಗಿ ಶಾಲೆಯೊಂದರಲ್ಲಿ ಕಸ ಗುಡಿಸುವವಳು, ಗಂಡ ಮತ್ತು ಮೂರು ಮಕ್ಕಳ ಜೊತೆ ವಾಹನ ರಿಪೇರಿ ಶೆಡ್ಡಿನ ಮೇಲಿನ ಒಂದೇ ಕೋಣೆಯಲ್ಲಿದ್ದಳು. ಅರ್ಜಿ ಹಾಕಿದ ದಿನವೇ ಟೇಪಕ್ಕ ಸಂಬಂಧ ತಿಳಿಸಿ ಸಹಿ ಮಾಡಿದ್ದರು. ಆ ಕೋಣೆ ಅಳೆಯಲು ಬೇರೆಯವರು ಹೋಗಿದ್ದರು. ಪಟ್ಟಿ ಸೂಚನಾ ಹಲಗೆಗೆ ಬಿದ್ದಾಗ ಟೇಪಕ್ಕ ನಮಗೆಲ್ಲ ಚಹಾ ತರಿಸಿದರು. ಆಕ್ಷೇಪಣೆಯ ಅವಧಿ ಮುಗಿಯಿತು. ಬೀಗದ ಕೈ ಕೊಡಲು ಇನ್ನು ಹತ್ತೊಂಬತ್ತು ದಿನ ಇತ್ತು.

ಮಾರನೆಯ ದಿನ ಅವರು ಬೇರೊಂದು ಕೆಲಸಕ್ಕೆ ಹೋಗುವಾಗ ಒಂದು ಓಣಿಯಲ್ಲಿ ಹೊಲಿಗೆಯವಳೊಬ್ಬಳನ್ನು ಕಂಡರು. ಮಷೀನಿನ ಅರ್ಧ ಹೊಸ್ತಿಲ ಒಳಗೆ, ಅರ್ಧ ಹೊರಗೆ. ಯಾರಾದರೂ ಒಳಗೆ ಹೋಗಬೇಕಾದರೆ ಅವಳು ಎದ್ದು ಸ್ಟೂಲು ಎತ್ತಬೇಕು. ಅವಳ ಕೋಣೆಯನ್ನು ಅಳೆದದ್ದು ಟೇಪಕ್ಕನೇ. ಈ ಹೆಂಗಸಿಗೆ ಮನೆ ಸಿಕ್ಕಿರಲೇಬೇಕಲ್ಲ ಎಂದುಕೊಂಡೇ ಕಚೇರಿಗೆ ಬಂದರು. ಪಟ್ಟಿ ನೋಡಿದರು. ಗೆರೆಯ ಮೇಲಿನ ನಲವತ್ತರಲ್ಲಿ ಅವಳಿರಲಿಲ್ಲ. ಅರವತ್ತನಾಲ್ಕು ಅಂಕದೊಂದಿಗೆ ಕೆಳಗೆಲ್ಲೋ ಇದ್ದಳು. ಕಡತ ತೆಗೆಸಿದರು. ಅರ್ಜಿಯ ಮೇಲೆ ಅವರದೇ ಅಕ್ಷರದಲ್ಲಿ, ಅಗಲ ಹದಿನೇಳು ಅಡಿ ಎಂದಿತ್ತು. ಚೀಲದಿಂದ ಅಳತೆಯ ಡೈರಿ ತೆಗೆದರು. ಅದರಲ್ಲಿ ಏಳು ಅಡಿ.

ನಾನು ಪಕ್ಕದಲ್ಲೇ ಇದ್ದೆ. ಅವರ ಮುಖದ ರಕ್ತ ಇಳಿದದ್ದು ನನಗೆ ಕಾಣಿಸಿತು. ತಲೆ ಸುತ್ತುತ್ತಿದೆಯೇ ಎಂದು ಕೇಳಿದೆ. ಹೌದು ಎನ್ನುವಂತೆ ತಲೆಯಾಡಿಸಿ ಡೈರಿ ಮುಚ್ಚಿದರು.

ಡೈರಿಯಿಂದ ಅರ್ಜಿಗೆ ಇಳಿಸುವಾಗ ಏಳರ ಹಿಂದೆ ಒಂದು ಎಂಬ ಅಂಕಿ ಬಿದ್ದಿತ್ತು, ಅಷ್ಟೆ. ನಾನೂ ಹದಿನೇಳು ಎಂದೇ ಕುಟ್ಟಿದ್ದೆ. ನಾಲ್ಕು ಜನ ಮಲಗುವ ಎಪ್ಪತ್ತೇಳು ಚದರಡಿಯ ಕೋಣೆ ಕಾಗದದ ಮೇಲೆ ನೂರ ಎಂಬತ್ತೇಳಾಗಿತ್ತು. ಸರಿಪಡಿಸಿದರೆ ಹೊಲಿಗೆಯವಳ ಅಂಕ ಎಪ್ಪತ್ತಮೂರು. ಅವಳು ಗೆರೆಯ ಮೇಲೆ ಬಂದರೆ ಯಾರೋ ಒಬ್ಬರು ಕೆಳಗಿಳಿಯಬೇಕು. ಇಳಿಯಬೇಕಾದವಳು ತಂಗಿ.

ಟೇಪಕ್ಕನನ್ನು ಹಿಡಿದ ಭಯ ಯಾವುದೆಂದು ತಿಳಿಯಬೇಕಾದರೆ ಕನ್ನಡಕದವನ ಸಂಗತಿ ಗೊತ್ತಿರಬೇಕು. ಅವನೂ ನಮ್ಮಲ್ಲಿ ಅಳತೆ ಮಾಡುತ್ತಿದ್ದವನು. ಎರಡು ವರ್ಷದ ಹಿಂದೆ ಭಾವನಿಗೆ ಮನೆ ಸಿಗಲೆಂದು ಇನ್ನೊಬ್ಬರ ಅಳತೆ ತಿದ್ದಿದ್ದ. ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದು, ಹೆಗಲ ಮೇಲೆ ಕೈಯಿಟ್ಟು, ಸರದಿಯಲ್ಲಿ ನಿಂತ ಜನರ ನಡುವೆಯೇ ಮೆಟ್ಟಿಲಿಳಿಸಿಕೊಂಡು ಹೋದರು. ಊಟದ ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು. ಈಗ ಟೇಪಕ್ಕ ಮಾಡಿದ್ದೂ ಹೊರಗಿನಿಂದ ನೋಡಿದರೆ ಅದೇ. ಇಪ್ಪತ್ತೆರಡು ವರ್ಷ ತಪ್ಪದ ಕೈ ಸರಿಯಾಗಿ ತಂಗಿಗೆ ಮನೆ ಸಿಗುವ ವರ್ಷವೇ ತಪ್ಪಿತು ಎಂದರೆ ಯಾರು ನಂಬುತ್ತಾರೆ?

ಮೂರನೆಯ ದಿನ ಅವರು ನನ್ನನ್ನು ಕಡತದ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದರು. ಹೇಳುತ್ತಾ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದರು. ನಾನು ಕೊಟ್ಟ ಬುದ್ಧಿ ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

"ಅವಧಿ ಮುಗಿದಿದೆ ಅಕ್ಕ, ಸುಮ್ನಿದ್ಬಿಡಿ" ಎಂದೆ. "ನೀವಾಗಿ ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ."

ಬೆರಳಚ್ಚು ನನ್ನದಲ್ಲವೇ. ಅವರನ್ನು ಕೇಳಿದ ಮೇಲೆ ನನ್ನನ್ನೂ ಕೇಳುತ್ತಾರೆ ಎಂಬ ಅಳುಕು ನನಗೂ ಇತ್ತು.

ಆಮೇಲಿನ ದಿನಗಳಲ್ಲಿ ಟೇಪಕ್ಕ ಬೇರೆಯೇ ಮನುಷ್ಯರಾದರು. ಬೂಟಿನ ಸಪ್ಪಳ ಕೇಳಿದರೆ ಬರೆಯುತ್ತಿದ್ದ ಕೈ ನಿಲ್ಲುತ್ತಿತ್ತು. ಸಾಹೇಬರು ಕರೆಯುತ್ತಿದ್ದಾರೆ ಎಂದು ಜವಾನ ಬಂದು ಹೇಳಿದರೆ ಎದ್ದು ನಿಂತು, ಮೇಜಿನ ಅಂಚು ಹಿಡಿದು, ಆಮೇಲೆ ಹೊರಡುತ್ತಿದ್ದರು. ಒಳಗೆ ಸಾಹೇಬರು ಕೇಳುತ್ತಿದ್ದದ್ದು ಯಾವುದೋ ರಜೆ ಚೀಟಿಯನ್ನೋ, ಹಳೆಯ ನಕ್ಷೆಯನ್ನೋ. ಒಂದು ಬೆಳಿಗ್ಗೆ ನಾನು ಬಂದಾಗ ಡೈರಿ ತೆರೆದಿಟ್ಟುಕೊಂಡು ಆ ಏಳನ್ನೇ ದಿಟ್ಟಿಸುತ್ತಿದ್ದರು, ಕೈಯಲ್ಲಿ ಪೆನ್ನಿತ್ತು. ಅಲ್ಲೊಂದು ಗೀಟು ಎಳೆದರೆ ಡೈರಿಯೂ ಹದಿನೇಳು ಎನ್ನುತ್ತಿತ್ತು, ಕತೆ ಮುಗಿಯುತ್ತಿತ್ತು. ನನ್ನನ್ನು ನೋಡಿ ಪೆನ್ನನ್ನು ಬಿಸಿ ತಾಗಿದವರಂತೆ ಕೆಳಗಿಟ್ಟರು.

ಭಾನುವಾರ ತಂಗಿಯ ಮನೆಗೆ ಹೋಗದೆ ವಿಧಿಯಿರಲಿಲ್ಲ. ಅಲ್ಲಿ ಆಗಲೇ ಪಾತ್ರೆಗಳು ಗಂಟಾಗಿದ್ದವು. ಹೊಸ ಮನೆಯಲ್ಲಿ ಕಿಟಕಿಯ ಪಕ್ಕ ಮಲಗುವವರು ಯಾರು ಎಂದು ಮಕ್ಕಳು ಜಗಳವಾಡಿ, ಚೀಟಿ ಎತ್ತಿ ಇತ್ಯರ್ಥ ಮಾಡಿಕೊಂಡಿದ್ದವು. ತಂಗಿಯ ಗಂಡ ಶೆಡ್ಡಿನವನಿಗೆ ಕೋಣೆ ಬಿಡುವುದಾಗಿ ಹೇಳಿಯೂ ಆಗಿತ್ತು. ಅಕ್ಕ ಯಾಕೆ ಇಷ್ಟು ಸೊರಗಿದ್ದೀ ಎಂದು ತಂಗಿ ಹಣೆ ಮುಟ್ಟಿ ನೋಡಿದಳು. ಬಾಯಿಗೆ ಬಂದ ಮಾತನ್ನು ಟೇಪಕ್ಕ ಅನ್ನದ ತುತ್ತಿನ ಜೊತೆ ನುಂಗಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಹಿಂದಿನ ಸೀಟಿನಲ್ಲಿ ಯಾರೋ ತಮ್ಮನ್ನೇ ನೋಡುತ್ತಿದ್ದಾರೆ ಎನ್ನಿಸಿ ಎರಡು ನಿಲ್ದಾಣ ಮೊದಲೇ ಇಳಿದು ನಡೆದರಂತೆ.

ಬೀಗದ ಕೈ ಕೊಡುವ ಹಿಂದಿನ ದಿನ ಬೆಳಿಗ್ಗೆ ಅವರು ಹೊಲಿಗೆಯವಳ ಮನೆಗೆ ಹೋದರು. ಬಹುಶಃ ಡೈರಿಯೇ ತಪ್ಪಿರಲಿ, ಕೋಣೆ ನಿಜವಾಗಿಯೂ ಹದಿನೇಳಿರಲಿ ಎಂಬ ಆಸೆ ಇದ್ದೀತು. ಇನ್ನೊಮ್ಮೆ ಅಳೆಯಬೇಕಿದೆ ಎಂದರು. ಅವಳು ಏಕೆಂದು ಕೇಳದೆ ಎದ್ದು ಸ್ಟೂಲು ಎತ್ತಿದಳು. ಒಳಗೆ ಅವಳ ತಾಯಿ ಗೋಡೆಗೆ ಒತ್ತಿಕೊಂಡು ಜಾಗ ಬಿಟ್ಟಳು. ಉಬ್ಬಸದ ದೊಡ್ಡ ಮಗಳು ಮಂಚದ ಮೇಲೆ ಕೂತು ಉಸಿರಿಗೆ ಹೆಣಗುತ್ತಿದ್ದಳು, ಚಿಕ್ಕವಳು ಅದರ ಕೆಳಗೆ ಪಾಠ ಬರೆಯುತ್ತಿದ್ದಳು. ಟೇಪು ಆರು ಅಡಿ ಹನ್ನೊಂದು ಅಂಗುಲಕ್ಕೆ ಗೋಡೆ ಮುಟ್ಟಿತು. ಏಳೂ ತುಂಬಲಿಲ್ಲ.

ಪಟ್ಟಿ ಬಂದಾಗ ಆಕ್ಷೇಪಣೆ ಯಾಕೆ ಕೊಡಲಿಲ್ಲ ಎಂದು ಟೇಪಕ್ಕ ಕೇಳಿದರು. ಹಲಗೆಯ ಮೇಲೆ ಅಂಕ ಮಾತ್ರ ಇರುತ್ತಿತ್ತು, ಅಳತೆ ಇರುತ್ತಿರಲಿಲ್ಲ.

"ಏನಂತ ಕೊಡ್ಲಿ?" ಎಂದಳು ಅವಳು. "ನನಗಿಂತ ಇಕ್ಕಟ್ಟಲ್ಲಿರೋರು ನಲವತ್ತು ಮನೆಯವರು ಇದಾರಲ್ಲಪ್ಪ ಅಂದ್ಕೊಂಡೆ. ಪಾಪ, ಅವ್ರು ಹೇಗೆ ಮಲಗ್ತಾರೋ ಅನ್ನಿಸ್ತು."

ಟೇಪಕ್ಕ ಅಲ್ಲಿಂದ ನೇರವಾಗಿ ಕಚೇರಿಗೆ ಬಂದರು. ಡೈರಿ ತೆಗೆದುಕೊಂಡು ಚೀಲವನ್ನು ನನ್ನ ಮೇಜಿನ ಮೇಲಿಟ್ಟರು. ಒಂದು ವೇಳೆ ತಾನು ಒಳಗಿನಿಂದ ಬರುವುದು ತಡವಾದರೆ ಇದನ್ನು ತಂಗಿಗೆ ತಲುಪಿಸು ಎಂದರು. ಸಾಹೇಬರ ಬಾಗಿಲ ಹಿಡಿಕೆ ಹಿಡಿದು ಒಮ್ಮೆ ಬಿಟ್ಟರು, ಮತ್ತೆ ಹಿಡಿದರು. ನಾನು ಕುರ್ಚಿಯಿಂದ ಏಳಲಿಲ್ಲ. ಏಳಬೇಕಾಗಿತ್ತು.

ಒಳಗೆ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಸಾಹೇಬರು ಡೈರಿಯನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರಂತೆ. ಫೋನಿನ ಕಡೆ ಕೈ ಚಾಚಿದಾಗ ಟೇಪಕ್ಕನಿಗೆ ಕರೆ ಪೊಲೀಸರಿಗೇ ಎನ್ನಿಸಿತ್ತು. ಸಾಹೇಬರು ಫೋನನ್ನು ಆಚೆ ಸರಿಸಿ, ಅಲ್ಲಿ ಕಡತಕ್ಕೆ ಜಾಗ ಮಾಡಿದ್ದರು.

"ಇದನ್ನ ನೀವು ನಾಳೆ ಹೇಳಿದ್ರೆ ನಾನೇ ದೂರು ಕೊಡ್ತಿದ್ದೆ" ಎಂದರು. "ಇವತ್ತು ಹೇಳಿದೀರಿ. ಆದ್ರೂ ನೀವು ಬೇಕಂತ ಮಾಡಿಲ್ಲ ಅಂತ ನಾನು ಹೇಗೆ ನಂಬ್ಲಿ?"

ಈ ಪಟ್ಟಿಗಾಗಿ ತಾವು ಅಳೆದ ಮನೆಗಳನ್ನೆಲ್ಲ ಬೇರೆಯವರಿಂದ ಮತ್ತೆ ಅಳೆಸಿ ಎಂದರು ಟೇಪಕ್ಕ.

ಹಾಗೇ ಆಯಿತು. ನೂರ ನಲವತ್ತೆರಡು ಮನೆ, ಎರಡು ತಿಂಗಳು. ಅಷ್ಟು ದಿನ ಹಂಚಿಕೆ ನಿಂತಿತು. ಗಂಟು ಕಟ್ಟಿ ಕೂತಿದ್ದ ಮನೆಯವರು ಕಚೇರಿಯ ಮುಂದೆ ಬಂದು ಹಿಡಿಶಾಪ ಹಾಕಿದರು. ಟೇಪಕ್ಕನನ್ನು ಕೆಲಸದಿಂದ ಅಮಾನತಿನಲ್ಲಿಟ್ಟಿದ್ದರು. ನಾನು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಬಾಗಿಲು ತಟ್ಟಿದರೆ ಮೊದಲು ಕಿಟಕಿಯ ಪರದೆ ಅಲುಗುತ್ತಿತ್ತು. ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಮೊಣಕಾಲಿನ ಮಾತ್ರೆ ತುಂಬಿಸಿ ಬಾಗಿಲ ಬಳಿಯೇ ಇಟ್ಟುಕೊಂಡಿದ್ದರು. ಎಲ್ಲಿಗೆಂದು ನಾನು ಕೇಳಲಿಲ್ಲ.

ತಂಗಿಗೆ ಸುದ್ದಿ ಹೇಳಿದ್ದೂ ಅವರೇ. ತಂಗಿ ಕೂಗಾಡಲಿಲ್ಲ, ಅಳಲೂ ಇಲ್ಲ.

"ತಪ್ಪು ಮಾಡಿದ್ದು ನೀನು, ಮನೆ ಹೋಗಿದ್ದು ನಂದು" ಎಂದಷ್ಟೇ ಹೇಳಿ ಗಂಟು ಬಿಚ್ಚಿ ಪಾತ್ರೆಗಳನ್ನು ಶೆಲ್ಫಿಗೆ ಜೋಡಿಸತೊಡಗಿದಳು. ಅಂದಿನಿಂದ ಮಾತು ನಿಂತಿತು.

ವಿಚಾರಣೆಯ ತೀರ್ಮಾನದ ಲಕೋಟೆ ಬಂದ ದಿನ ಅದನ್ನು ಒಡೆಯಲು ಅವರಿಗೆ ಕೈ ಬರಲಿಲ್ಲ. ನಾನು ಒಡೆದು ಓದಿದೆ. ಉಳಿದ ನೂರ ನಲವತ್ತೊಂದು ಅಳತೆಗಳಲ್ಲಿ ಅಂಗುಲಗಳ ವ್ಯತ್ಯಾಸ ಬಿಟ್ಟರೆ ತಪ್ಪಿಲ್ಲ, ಕೃತ್ಯ ಉದ್ದೇಶಪೂರ್ವಕವಲ್ಲ, ಆದರೆ ನಿರ್ಲಕ್ಷ್ಯ; ಇನ್ನು ಮುಂದೆ ಅಳತೆಯ ಕೆಲಸ ಕೊಡತಕ್ಕದ್ದಲ್ಲ. ಬೆರಳಚ್ಚಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೇಳಿಕೆಯಲ್ಲಿ ಅವರು ನನ್ನ ಹೆಸರನ್ನೇ ಎತ್ತಿರಲಿಲ್ಲವೆಂದು ಆಗ ತಿಳಿಯಿತು. ನಾನು ಓದಿ ಮುಗಿಸಿದ ಮೇಲೂ, ಪೊಲೀಸರು ಅಂತ ಎಲ್ಲಾದರೂ ಇದೆಯಾ, ಇನ್ನೊಂದು ಸಲ ನೋಡು ಎಂದರು.

ಹೊಲಿಗೆಯವಳಿಗೆ ಮೂರನೆಯ ಮಹಡಿಯಲ್ಲಿ ಮನೆ ಸಿಕ್ಕಿತು. ಕಚೇರಿಗೆ ಬೀಗದ ಕೈ ತೆಗೆದುಕೊಳ್ಳಲು ಬಂದಾಗ ಅವಳಿಗೆ ಎಲ್ಲವೂ ಗೊತ್ತಾಗಿತ್ತು. ಈಗ ಕಡತ ನೋಡಿಕೊಳ್ಳುವ ಕೆಲಸದಲ್ಲಿದ್ದ ಟೇಪಕ್ಕ ಕಡತದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅವಳು ವಂದನೆ ಹೇಳುತ್ತಾಳೆ ಎಂದು ನಾನು ಎಣಿಸಿದ್ದೆ.

"ಹದಿನೆಂಟು ದಿನ ಗೊತ್ತಿತ್ತಂತೆ ನಿಮ್ಗೆ" ಎಂದಳು ಅವಳು, ಮೆಲ್ಲಗೆ.

ಟೇಪಕ್ಕ ಹೌದು ಎಂದರು. ಅವಳು ಸಹಿ ಹಾಕಿ ಹೊರಟುಹೋದಳು.

ಮುಂದಿನ ಪಟ್ಟಿಯಿಂದ ಪ್ರತಿ ಹೆಸರಿನ ಮುಂದೆ ಕೋಣೆಯ ಉದ್ದಗಲವನ್ನೂ ಹಾಕುವ ಕ್ರಮ ಬಂತು. ಟೇಪಕ್ಕ ತಮ್ಮ ಹೇಳಿಕೆಯ ಕೊನೆಯಲ್ಲಿ ಹಾಗೆ ಮಾಡಬೇಕೆಂದು ಬರೆದಿದ್ದರು. ಈಗ ಜನ ಹಲಗೆಯ ಮುಂದೆ ನಿಂತು ತಮ್ಮ ಸಾಲನ್ನು ಬೆರಳಿಟ್ಟು ಓದುತ್ತಾರೆ, ಜಗಳವಾಡುತ್ತಾರೆ, ನಮಗೆ ಕೆಲಸ ಇಮ್ಮಡಿಯಾಗಿದೆ.

ಆ ಪಟ್ಟಿಯಲ್ಲಿ, ಒಂದೂವರೆ ವರ್ಷದ ನಂತರ, ತಂಗಿಯ ಹೆಸರು ಹನ್ನೆರಡನೆಯದಾಗಿ ಬಂತು. ಅವರು ಸಾಮಾನು ಸಾಗಿಸುವ ದಿನ ಟೇಪಕ್ಕ ಕರೆಯದೆಯೇ ಹೋದರು, ಜೊತೆಗೆ ನಾನೂ ಹೋದೆ. ಬಾಗಿಲಲ್ಲೇ ಮುಖ ತಿರುಗಿಸಿಬಿಟ್ಟರೆ ಎಂದು ದಾರಿಯುದ್ದಕ್ಕೂ ಹೆದರುತ್ತಿದ್ದರು. ನಾವು ಹೋದಾಗ ತಂಗಿ ಒಬ್ಬಳೇ ಒಂದು ಬೀರುವನ್ನು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. ಅಕ್ಕನನ್ನು ನೋಡಿದಳು.

"ಆ ಕಡೆ ಹಿಡ್ಕೊ" ಎಂದಳು. "ಗೋಡೆಗೆ ತಾಗುತ್ತೆ, ಸ್ವಲ್ಪ ಎತ್ತು."

ಟೇಪಕ್ಕ ಸೆರಗು ಸಿಕ್ಕಿಸಿಕೊಂಡು ಹಿಡಿದರು.